ಅಂಗಡಿಯ ಎಸಿಗಳನ್ನು ಯಂತ್ರದ ಕೈಗೆ ಕೊಡಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮೂರಂತಸ್ತಿನ ಬಟ್ಟೆ ಅಂಗಡಿ. ಒಂದೂವರೆ ಟನ್ನಿನ ಎಂಟು ಸ್ಪ್ಲಿಟ್ ಎಸಿಗಳಿವೆ. ಬೇಸಿಗೆ ಬಂತೆಂದರೆ ಕರೆಂಟ್ ಬಿಲ್ ನೋಡಲು ಭಯವಾಗುತ್ತದೆ. ಇತ್ತೀಚೆಗೆ ಒಂದು ಕಂಪನಿಯವರು ಬಂದು, ಎಸಿಗಳೆಲ್ಲ ತಾವಾಗಿಯೇ ನಡೆಯುವಂಥ ವ್ಯವಸ್ಥೆ ಹಾಕಿಕೊಡುತ್ತೇವೆ, ಬಿಲ್ ಶೇ 40ರಷ್ಟು ಇಳಿಯುತ್ತದೆ, ಎರಡೂವರೆ ಲಕ್ಷ ಆಗುತ್ತದೆ, ವರ್ಷಕ್ಕಿಷ್ಟು ಚಂದಾ ಬೇರೆ ಎಂದರು. ಹಾಕಿಸಬಹುದೇ? ಮಡಿಕೇರಿಯಲ್ಲಿ ನಮ್ಮ ಭಾವನವರದೊಂದು ಸಣ್ಣ ಲಾಡ್ಜ್ ಇದೆ. ಅಲ್ಲಿ ಬಿಸಿನೀರಿಗೇ ಹೆಚ್ಚು ಕರೆಂಟ್ ಹೋಗುತ್ತದೆ. ಅವರಿಗೂ ಇದು ಉಪಯೋಗಕ್ಕೆ ಬರುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಂಥ ವ್ಯವಸ್ಥೆಯಿಂದ ಲಾಭ ಇರುವುದು ನಿಜ. ಆದರೆ ಅವರು ಹೇಳಿದ ಬೆಲೆ ನಿಮ್ಮ ಅಂಗಡಿಯ ಗಾತ್ರಕ್ಕೆ ಹೆಚ್ಚಾಯಿತು. ಶೇ 40 ಎಂಬ ಮಾತಿಗೆ ಅವರು ಆಧಾರ ಕೊಟ್ಟಂತೆಯೂ ಕಾಣುವುದಿಲ್ಲ. ಉಳಿತಾಯದ ಬಹುಪಾಲು ಬರುವುದು ಎರಡು ಸರಳ ನಿಯಮಗಳಿಂದ: ಎಸಿ ಯಾವ ಹೊತ್ತಿನಲ್ಲಿ ಓಡಬೇಕು, ಎಷ್ಟು ಡಿಗ್ರಿಗೆ ಓಡಬೇಕು. ಈ ಎರಡನ್ನು ದಿನವೂ ತಪ್ಪದೆ ಪಾಲಿಸಲು ಎರಡೂವರೆ ಲಕ್ಷ ಬೇಕಿಲ್ಲ. ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಿಮ್ಮಂಥ ಅಂಗಡಿಗಳಷ್ಟೇ ಅಲ್ಲ, ಕ್ಲಿನಿಕ್, ಟ್ಯೂಷನ್ ಸೆಂಟರ್, ಸಣ್ಣ ಹೋಟೆಲ್‌ಗಳ ಬಾಗಿಲಿಗೂ ಈಗ ಇದೇ ಮಾತು ಬರುತ್ತಿದೆ.

ಬೆಂಗಳೂರಿನ ಐಟಿ ಪಾರ್ಕಿಗೋ ದೊಡ್ಡ ಆಸ್ಪತ್ರೆಗೋ ಹೋದರೆ, ನೆಲಮಾಳಿಗೆಯ ಒಂದು ಕೋಣೆಯಲ್ಲಿ ಪರದೆಯ ಮುಂದೆ ಕುಳಿತ ಸಿಬ್ಬಂದಿ ಇಡೀ ಕಟ್ಟಡದ ತಂಪನ್ನು ನೋಡಿಕೊಳ್ಳುತ್ತಿರುತ್ತಾರೆ. ಚಿಲ್ಲರ್ ಎಷ್ಟು ಓಡುತ್ತಿದೆ, ನಾಲ್ಕನೇ ಮಹಡಿಯಲ್ಲಿ ಎಷ್ಟು ಡಿಗ್ರಿ ಇದೆ, ಎಲ್ಲವೂ ಅಲ್ಲಿ ಕಾಣುತ್ತದೆ. ಸಣ್ಣ ಕಟ್ಟಡದಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ. ಬೆಳಿಗ್ಗೆ ಶಟರ್ ಎತ್ತಿದ ಹುಡುಗ ಎಲ್ಲ ಎಸಿಗಳನ್ನೂ ಹಾಕುತ್ತಾನೆ, ರಾತ್ರಿ ನೆನಪಾದರೆ ಎಲ್ಲವನ್ನೂ ಆರಿಸುತ್ತಾನೆ. ನಡುವೆ ಯಾರಿಗೆ ಸೆಕೆಯಾಯಿತೋ ಅವರು ರಿಮೋಟ್ ಒತ್ತುತ್ತಾರೆ. ಕಾನೂನಿನ ಕಣ್ಣೂ ದೊಡ್ಡ ಕಟ್ಟಡಗಳ ಮೇಲೆಯೇ ಇದೆ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ 2017ರ ಆವೃತ್ತಿ ಅನ್ವಯಿಸುವುದು 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರುವ, ಇಲ್ಲವೇ 120 ಕೆವಿಎಗೆ ಕಡಿಮೆಯಿಲ್ಲದ ಬೇಡಿಕೆಯ ವಾಣಿಜ್ಯ ಕಟ್ಟಡಗಳಿಗೆ. ನಿಮ್ಮ ಎಂಟೂ ಎಸಿ ಒಟ್ಟಿಗೆ ಪೂರ್ತಿ ಎಳೆದರೂ 12–14 ಕಿಲೋವಾಟ್ ದಾಟುವುದು ಕಷ್ಟ. ಊರಿನ ಮುಖ್ಯರಸ್ತೆಯ ಹೆಚ್ಚಿನ ಅಂಗಡಿಗಳ ಕತೆ ಇದೇ. ಸಣ್ಣವು ಎಂದು ಬಿಟ್ಟ ಕಟ್ಟಡಗಳೇ ಸಂಖ್ಯೆಯಲ್ಲಿ ಹೆಚ್ಚು, ಆದ್ದರಿಂದ ನಿಮ್ಮ ಪ್ರಶ್ನೆ ನಿಮ್ಮ ಬಿಲ್ಲಿಗಿಂತ ದೊಡ್ಡದು.

ಕಟ್ಟಡದ ಬಿಸಿ-ತಂಪನ್ನು ಹತೋಟಿಯಲ್ಲಿಡುವ ಈ ವಿದ್ಯೆ ಹುಟ್ಟಿದ್ದೇ ಒಂದು ಶಾಲೆಯ ಕಷ್ಟದಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ವಾರೆನ್ ಜಾನ್ಸನ್. ಚಳಿಗಾಲದಲ್ಲಿ ಶಾಲೆಯ ಕೆಲಸಗಾರ ಆಗಾಗ ತರಗತಿಯೊಳಗೆ ಬಂದು ಎಷ್ಟು ಬೆಚ್ಚಗಿದೆ ಎಂದು ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು ಒಲೆಯ ಗಾಳಿಕಿಂಡಿಯನ್ನು ತಿರುಗಿಸಬೇಕಿತ್ತು. ಪಾಠಕ್ಕೆ ಪ್ರತಿಸಲವೂ ಅಡ್ಡಿ. ಜಾನ್ಸನ್ ತರಗತಿಯಲ್ಲಿ ಒಂದು ವಿದ್ಯುತ್ ಥರ್ಮೋಸ್ಟ್ಯಾಟ್ ಇಟ್ಟು, ಅದರಿಂದ ಕೆಳಗಿನ ಕೋಣೆಗೆ ತಂತಿ ಎಳೆದರು. ಬಿಸಿ ಏರುಪೇರಾದರೆ ಕೆಳಗೆ ಗಂಟೆ ಬಾರಿಸುತ್ತಿತ್ತು. 1883ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, 1885ರಲ್ಲಿ ಅವರದೇ ಕಂಪನಿ ಶುರುವಾಯಿತು. ಆ ಮೊದಲ ಉಪಕರಣ ತಾನಾಗಿ ಯಾವ ಕಿಂಡಿಯನ್ನೂ ಮುಚ್ಚಲಿಲ್ಲ, ತೆರೆಯಲಿಲ್ಲ. ಇಂಥ ಕೋಣೆಯಲ್ಲಿ ಹೀಗಾಗಿದೆ ಎಂದು ಸರಿಯಾದ ಮನುಷ್ಯನಿಗೆ ಸರಿಯಾದ ಹೊತ್ತಿಗೆ ತಿಳಿಸಿತು, ಅಷ್ಟೆ. ಸಣ್ಣ ಅಂಗಡಿಗೆ ಇಂದಿಗೂ ಮೊದಲು ಬೇಕಾದದ್ದು ಆ ಗಂಟೆಯೇ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಯಾವ ಎಸಿ ಯಾವ ಹೊತ್ತಿನಲ್ಲಿ ಎಷ್ಟು ಯೂನಿಟ್ ತಿನ್ನುತ್ತಿದೆ ಎಂದು ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದೆ ಉಳಿತಾಯದ ಮಾತಾಡುವುದು ತೂಕ ಹಾಕದೆ ಬೆಲೆ ಕಟ್ಟಿದ ಹಾಗೆ.

ಈಗ ಡಿಗ್ರಿಯ ವಿಷಯ. ನಿಮ್ಮ ಅಂಗಡಿಯ ರಿಮೋಟ್‌ಗಳನ್ನು ಒಮ್ಮೆ ನೋಡಿ ಬನ್ನಿ. 18 ಇಲ್ಲವೇ 20 ಇರುವ ಸಾಧ್ಯತೆ ಹೆಚ್ಚು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಹಳೆಯ ಮಾದರಿಯ ಎಸಿಯಲ್ಲಿ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತದೆ, ಇಲ್ಲವಾದರೆ ನಿಲ್ಲುತ್ತದೆ. 24ಕ್ಕೆ ಇಟ್ಟರೂ 18ಕ್ಕೆ ಇಟ್ಟರೂ ಕೋಣೆ 24ಕ್ಕೆ ಇಳಿಯುವವರೆಗೆ ಅದರ ವೇಗ ಒಂದೇ. ವ್ಯತ್ಯಾಸವಾಗುವುದು ಅಲ್ಲಿಂದಾಚೆಗೆ, ಬೇಡದಿದ್ದರೂ ಓಡುತ್ತಲೇ ಇರುವುದರಲ್ಲಿ. ಇನ್ವರ್ಟರ್ ಎಸಿಯ ಕಂಪ್ರೆಸರ್ ವೇಗ ಬದಲಿಸಬಲ್ಲದು, 18 ಎಂದರೆ ಮೊದಲಿಗೆ ಸ್ವಲ್ಪ ಜೋರಾಗಿಯೇ ಓಡೀತು. ಆದರೆ ಬಾಗಿಲು ದಿನವಿಡೀ ತೆರೆದು ಮುಚ್ಚುವ ಅಂಗಡಿಯಲ್ಲಿ 18 ಎಂದೂ ಬರುವುದಿಲ್ಲ. ಇನ್ವರ್ಟರ್‌ನ ನಿಜವಾದ ಲಾಭ ಇರುವುದು ವೇಗ ತಗ್ಗಿಸಿ ನಿಧಾನ ಓಡುವುದರಲ್ಲಿ, ಅದಕ್ಕೆ ಅವಕಾಶವೇ ಸಿಗದೆ ಹೋಗುತ್ತದೆ. ಎಸಿಯ ಡಿಗ್ರಿಯನ್ನು ಒಂದು ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂದಾಜು. ಇದೇ ಕಾರಣಕ್ಕೆ 2020ರ ಜನವರಿ 1ರಿಂದ ಹೊಸ ರೂಮ್ ಎಸಿಗಳೆಲ್ಲ ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂದು ನಿಯಮವಾಯಿತು. 20ರಲ್ಲಿದ್ದ ಎಸಿಯನ್ನು 24ಕ್ಕೆ ತಂದು ಅಲ್ಲೇ ನಿಲ್ಲಿಸಿದರೆ ಎಸಿಯ ಖರ್ಚಿನಲ್ಲಿ ಐದನೇ ಒಂದು ಭಾಗ ಕಡಿಮೆಯಾದೀತು ಎಂದು ಧೈರ್ಯವಾಗಿ ಹೇಳಬಹುದು.

ಅಲ್ಲೇ ನಿಲ್ಲಿಸುವುದೇ ಕಷ್ಟ, ಯಂತ್ರದ ಸಹಾಯ ಬೇಕಾಗುವುದು ಅಲ್ಲಿ. ಬಿಸಿಲಿನಿಂದ ಬಂದ ಗಿರಾಕಿ ‘ಸ್ವಲ್ಪ ಎಸಿ ಜಾಸ್ತಿ ಮಾಡಿ’ ಎನ್ನುತ್ತಾರೆ, ಹುಡುಗರು ಇಳಿಸುತ್ತಾರೆ, ಅವರು ಹೋದ ಮೇಲೆ ಯಾರೂ ಏರಿಸುವುದಿಲ್ಲ. ಒಳ್ಳೆಯ ನಿಯಂತ್ರಕ ಇಳಿಸಲು ಬಿಡುತ್ತದೆ, ಅರ್ಧ ಗಂಟೆಯಾದ ಮೇಲೆ ತಾನೇ 24ಕ್ಕೆ ಮರಳಿಸುತ್ತದೆ. ಇಳಿಸಲು ಬಿಡದೆ ಬಿಗಿ ಮಾಡಿದರೆ ಏನಾಗುತ್ತದೆ ಗೊತ್ತೇ? ಕೆಲಸದವರು ಸೆನ್ಸರ್ ಮೇಲೆ ಟೇಪ್ ಅಂಟಿಸುತ್ತಾರೆ, ಇಲ್ಲವೇ ಪೆಟ್ಟಿಗೆಯ ಪ್ಲಗ್ಗನ್ನೇ ಕೀಳುತ್ತಾರೆ. ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚುವವರಿಗೆ ಸೆಕೆ ಗಲ್ಲಾದಲ್ಲಿ ಕುಳಿತವರಿಗಿಂತ ಹೆಚ್ಚು. ಅವರನ್ನು ಕೇಳದೆ ಹಾಕಿಸಿದ ಯಾವ ವ್ಯವಸ್ಥೆಯೂ ಒಂದು ಬೇಸಿಗೆ ದಾಟುವುದಿಲ್ಲ.

ಹೊತ್ತಿನ ನಿಯಮ ಇನ್ನೂ ಸುಲಭ. ಅಂಗಡಿ ಹತ್ತಕ್ಕೆ ತೆರೆಯುವುದಾದರೆ ಗಿರಾಕಿಗಳು ತುಂಬುವುದು ಹನ್ನೊಂದರ ಮೇಲೆ. ಮೂರನೇ ಅಂತಸ್ತಿನ ಮದುವೆ ಜವಳಿ ವಿಭಾಗಕ್ಕೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜನವೇ ಇರಲಿಕ್ಕಿಲ್ಲ. ರಾತ್ರಿ ಮುಚ್ಚುವ ಅರ್ಧ ಗಂಟೆ ಮೊದಲು ಕಂಪ್ರೆಸರ್ ನಿಲ್ಲಿಸಿದರೂ ಗೋಡೆ, ನೆಲ, ಬಟ್ಟೆಯ ರಾಶಿಗಳು ಹಿಡಿದಿಟ್ಟ ತಂಪು ಅಷ್ಟು ಹೊತ್ತಿಗೆ ಸಾಕಾಗುತ್ತದೆ. ಇದನ್ನೆಲ್ಲ ಗಡಿಯಾರವೊಂದೇ ಮಾಡಬಲ್ಲದು. ಎಟಿಎಂ ಕೋಣೆಗಳಲ್ಲಿ ಎರಡು ಎಸಿಗಳನ್ನು ಸರದಿಯ ಮೇಲೆ ಓಡಿಸುವ ಟೈಮರ್ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಇಂಟರ್ನೆಟ್ಟೂ ಇಲ್ಲ, ಚಂದಾವೂ ಇಲ್ಲ, ವರ್ಷಗಟ್ಟಲೆ ನಡೆಯುತ್ತದೆ.

ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ 2017ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ವಾಣಿಜ್ಯ ಕಟ್ಟಡಗಳಲ್ಲಿ ನಿಯಂತ್ರಣಗಳನ್ನು ಸರಿಯಾಗಿ ಹೊಂದಿಸಿ ಸರಿಯಾಗಿ ನಡೆಸಿದರೆ ಸರಾಸರಿ ಶೇ 29ರಷ್ಟು ಇಂಧನ ಉಳಿಸಬಹುದು ಎಂಬುದು ಅದರ ಲೆಕ್ಕ. ಆ ಉಳಿತಾಯಕ್ಕೆ ದೊಡ್ಡ ಪಾಲು ಕೊಟ್ಟ ಕ್ರಮಗಳಲ್ಲಿ ಡಿಗ್ರಿಯನ್ನು ಸರಿಪಡಿಸುವುದೂ ಜನ ಇರುವ ಹೊತ್ತಿಗಷ್ಟೇ ಓಡಿಸುವುದೂ ಮುಂದಿದ್ದವು. ಅದು ಚಳಿಗಾಲದಲ್ಲಿ ಬಿಸಿಯೂ ಬೇಕಾದ, ನಾಳಗಳ ಮೂಲಕ ಗಾಳಿ ಹರಿಯುವ ಕಟ್ಟಡಗಳ ಮಾತು, ದಾವಣಗೆರೆಯ ಸ್ಪ್ಲಿಟ್ ಎಸಿಗೆ ಆ ಅಂಕಿಯನ್ನು ಹಾಗೇ ತಂದು ಹಚ್ಚಬಾರದು. ಆದರೆ ಅಷ್ಟೆಲ್ಲ ಕ್ರಮಗಳನ್ನು ಸೇರಿಸಿದರೂ ಸರಾಸರಿ 29 ಎಂದ ಮೇಲೆ, ರಿಮೋಟ್ ಒತ್ತುವ ಪೆಟ್ಟಿಗೆಯಿಂದ ಶೇ 40 ಎಂದರೆ ಪುರಾವೆ ಕೇಳಲೇಬೇಕು. ಇನ್ನೊಂದು ಸೂಕ್ಷ್ಮ ಗಮನಿಸಿ. ನಿಮ್ಮ ಬಿಲ್ಲಿನಲ್ಲಿ ಎಸಿಯಲ್ಲದೆ ದೀಪ, ಫ್ಯಾನು, ಲಿಫ್ಟು, ಲೋಡಿನ ಮೇಲಿನ ನಿಗದಿತ ಶುಲ್ಕ ಎಲ್ಲವೂ ಇರುತ್ತವೆ. ಎಸಿಯ ಖರ್ಚಿನಲ್ಲಿ ಶೇ 40 ಇಳಿದರೂ ಒಟ್ಟು ಬಿಲ್ ಅಷ್ಟು ಇಳಿಯುವುದಿಲ್ಲ.

ಕಂಪನಿಯವರು ಹಾಕಿಕೊಡುವ ಸಾಮಾನಾದರೂ ಏನು? ಸ್ಪ್ಲಿಟ್ ಎಸಿಗಳಿಗೆ ಸಾಮಾನ್ಯವಾಗಿ ಬರುವುದು ಅಂಗೈಗಿಂತ ಚಿಕ್ಕ ಒಂದು ಪೆಟ್ಟಿಗೆ. ಅದು ಎಸಿಯ ರಿಮೋಟ್ ಕಳಿಸುವ ಅದೃಶ್ಯ ಬೆಳಕಿನ ಸಂಕೇತವನ್ನೇ ಕಳಿಸುತ್ತದೆ. ಜೊತೆಗೆ ಬಿಸಿ ಮತ್ತು ತೇವ ಅಳೆಯುವ ಸೆನ್ಸರ್, ಬಾಗಿಲಿಗೊಂದು ಅಯಸ್ಕಾಂತದ ಸ್ವಿಚ್, ಎಲ್ಲವನ್ನೂ ವೈಫೈಗೆ ಸೇರಿಸುವ ಒಂದು ಪೆಟ್ಟಿಗೆ. ಇಲ್ಲಿ ಒಂದು ಕೊರತೆಯನ್ನು ತಿಳಿದಿರಬೇಕು. ರಿಮೋಟ್ ಸಂಕೇತ ಒಂದೇ ದಿಕ್ಕಿನದು. ‘ಆರು’ ಎಂದು ಹೇಳಿದ ಪೆಟ್ಟಿಗೆಗೆ ಎಸಿ ನಿಜವಾಗಿ ಆರಿತೋ ಇಲ್ಲವೋ ತಿಳಿಯುವುದಿಲ್ಲ. ನಡುವೆ ಯಾರೋ ಸೀರೆಯ ಗೊಂಬೆ ನಿಲ್ಲಿಸಿದರೆ ಸಂಕೇತ ತಲುಪದೆ, ಫೋನಿನಲ್ಲಿ ಆರಿದೆ ಎಂದು ಕಾಣುವ ಎಸಿ ಬೆಳಗಿನವರೆಗೂ ಓಡುತ್ತದೆ. ಆದ್ದರಿಂದ ಪ್ರತಿ ಎಸಿಯ ತಂತಿಗೂ ಕರೆಂಟ್ ಅಳೆಯುವ ಒಂದು ಪುಟ್ಟ ಬಳೆ ಬೇಕು. ಎಲೆಕ್ಟ್ರಿಷಿಯನ್‌ಗಳು ಅದನ್ನು ಸಿಟಿ ಎನ್ನುತ್ತಾರೆ. ಸಿಟಿ ಇಲ್ಲದ ವ್ಯವಸ್ಥೆಯನ್ನು ಯಾವ ಬೆಲೆಗೂ ಕೊಳ್ಳಬೇಡಿ. ಅದೇ ನಿಮ್ಮ ಗಂಟೆ, ಅದೇ ನಿಮ್ಮ ಲೆಕ್ಕದ ಪುಸ್ತಕ.

ಸೆನ್ಸರ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅರ್ಧ ಫಲ ನಿಂತಿದೆ. ಬಟ್ಟೆ ಅಂಗಡಿಯೊಂದರಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಸೆನ್ಸರ್‌ನ ಬಿಳಿ ಡಬ್ಬಿಯನ್ನು ನೋಟಕ್ಕೆ ಅಡ್ಡಿಯಾಗದಿರಲಿ ಎಂದು ಪ್ರದರ್ಶನದ ಗೂಡಿನ ಮೇಲ್ಗಡೆ ಅಂಟಿಸಿದ್ದರು. ಅದರ ಮಗ್ಗುಲಲ್ಲೇ ರೇಷ್ಮೆಯ ಮೇಲೆ ಬೀಳುವ ಸ್ಪಾಟ್ ದೀಪ. ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು, ಫೋನಿನಲ್ಲಿ 29 ಡಿಗ್ರಿ ತೋರಿಸುತ್ತಿತ್ತು. ಅಲ್ಲೇ ಕೆಳಗೆ ಕುಳಿತಿದ್ದ ಹೆಂಗಸರು ಸೆರಗು ಹೊದ್ದುಕೊಂಡಿದ್ದರು. ವ್ಯವಸ್ಥೆ ತನಗೆ ಹೇಳಿದ ಕೆಲಸವನ್ನು ನಿಯತ್ತಾಗಿ ಮಾಡುತ್ತ, ದಿನವಿಡೀ ಎಸಿಯನ್ನು ಪೂರ್ತಿ ಓಡಿಸುತ್ತಿತ್ತು. ಸೆನ್ಸರ್ ಇರಬೇಕಾದದ್ದು ಜನ ಕೂರುವ, ನಿಲ್ಲುವ ಎತ್ತರದಲ್ಲಿ, ಗೋಡೆಯ ಮೇಲೆ, ಬಿಸಿಲು, ದೀಪ, ಎಸಿಯ ಗಾಳಿ ಮೂರೂ ನೇರ ತಾಗದ ಕಡೆ.

ಎಸಿಯನ್ನು ಆರಿಸುವ ರೀತಿಯ ಬಗ್ಗೆಯೂ ಎಚ್ಚರ ಬೇಕು. ಕೆಲವರು ರಿಮೋಟ್ ಸಂಕೇತದ ಬದಲು ಮೇನ್ ಲೈನಿನಲ್ಲೇ ಕಾಂಟ್ಯಾಕ್ಟರ್ ಹಾಕಿ ಕರೆಂಟನ್ನೇ ಕತ್ತರಿಸುತ್ತಾರೆ. ಓಡುತ್ತಿರುವ ಇನ್ವರ್ಟರ್ ಎಸಿಗೆ ದಿನಕ್ಕೆ ಹತ್ತಾರು ಸಲ ಹೀಗೆ ಮಾಡಿದರೆ ಅದರ ಎಲೆಕ್ಟ್ರಾನಿಕ್ ಬೋರ್ಡಿನ ಆಯಸ್ಸು ಕಡಿಮೆಯಾಗುತ್ತದೆ. ಹಳೆಯ ಮಾದರಿಯಲ್ಲೂ ನಿಂತ ಕಂಪ್ರೆಸರ್ ಮತ್ತೆ ಶುರುವಾಗಲು ಸುಮಾರು ಮೂರು ನಿಮಿಷ ಬಿಡಬೇಕು, ಒಳಗಿನ ಒತ್ತಡ ಸಮವಾಗುವವರೆಗೆ. ‘ಎಸಿ ಸೇವರ್’ ಎಂದು ಮಾರುವ ಕೆಲವು ಪೆಟ್ಟಿಗೆಗಳು ಕಂಪ್ರೆಸರನ್ನು ಆಗಾಗ ನಿಲ್ಲಿಸುವುದಷ್ಟೇ ಮಾಡುತ್ತವೆ. ಅದರಿಂದ ಉಳಿಯುವುದು ಕೋಣೆ ಸ್ವಲ್ಪ ಬೆಚ್ಚಗಾದದ್ದರಿಂದ ಉಳಿದದ್ದೇ, ಅದನ್ನು ರಿಮೋಟ್‌ನಲ್ಲಿ ಎರಡು ಡಿಗ್ರಿ ಏರಿಸಿ ಪುಕ್ಕಟೆಯಾಗಿ ಪಡೆಯಬಹುದು.

ನಿಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವುದು ಇದ್ದೇ ಇದೆ. ಹೋದ ಕರೆಂಟ್ ಬಂದ ಕ್ಷಣ ಎಂಟೂ ಎಸಿ ಒಟ್ಟಿಗೆ ಎದ್ದು, ಬಿಸಿಯಾದ ಅಂಗಡಿಯನ್ನು ತಂಪು ಮಾಡಲು ಎಲ್ಲವೂ ಪೂರ್ತಿ ಎಳೆಯುತ್ತವೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು, ಆ ತಿಂಗಳು ದಾಖಲಾದ ಗರಿಷ್ಠ ಬೇಡಿಕೆ ಎಷ್ಟು ಎಂದು ನೋಡಿ. ಎರಡನೆಯದು ಮೊದಲನೆಯದನ್ನು ಮೀರಿದರೆ ಹೆಚ್ಚುವರಿ ಹಣ ಕಟ್ಟಬೇಕಾಗುತ್ತದೆ. ಮೀಟರ್ ಈ ಗರಿಷ್ಠವನ್ನು ಲೆಕ್ಕ ಹಾಕುವುದು ಕ್ಷಣಮಾತ್ರದ ನೆಗೆತದಿಂದ ಅಲ್ಲ, ಕಾಲು ಗಂಟೆ ಇಲ್ಲವೇ ಅರ್ಧ ಗಂಟೆಯ ಸರಾಸರಿಯಿಂದ. ಹಾಗಾಗಿ ಎಸಿಗಳನ್ನು ಅರ್ಧ ನಿಮಿಷ ಬಿಟ್ಟು ಒಂದೊಂದಾಗಿ ಎಬ್ಬಿಸಿದರೆ ಎಂಸಿಬಿ ಬೀಳುವುದು ತಪ್ಪೀತು, ಬೇಡಿಕೆ ಇಳಿಯದು. ಮೊದಲು ಕೆಳಗಿನ ಅಂತಸ್ತಿನವು, ಹತ್ತು ಹದಿನೈದು ನಿಮಿಷ ಬಿಟ್ಟು ಮೇಲಿನವು ಎಂದು ಹೊಂದಿಸಿದರೆ ಎರಡೂ ಸಾಧ್ಯವಾಗುತ್ತವೆ. ಯಂತ್ರ ಮನುಷ್ಯರಿಗಿಂತ ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಇದು, ಏಕೆಂದರೆ ಕರೆಂಟ್ ಬಂದಾಗ ಗಿರಾಕಿಯನ್ನು ಬಿಟ್ಟು ಎಸಿ ಎಣಿಸುತ್ತ ನಿಲ್ಲಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಹೊತ್ತಿಗೊಂದು ದರದ ಕಾಲವೂ ಬರುತ್ತಿದೆ. ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು 2023ರಲ್ಲಿ ತಿದ್ದಿತು. 10 ಕಿಲೋವಾಟ್ ಮೀರಿದ ವಾಣಿಜ್ಯ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಬಿಸಿಲಿರುವ ಹೊತ್ತಿನಲ್ಲಿ ಕಡಿಮೆ, ಸಂಜೆಯ ಒತ್ತಡದ ಹೊತ್ತಿನಲ್ಲಿ ಹೆಚ್ಚು ದರ ಇರಬೇಕೆಂದು ಅದು ಹೇಳುತ್ತದೆ. ರಾಜ್ಯದ ಆಯೋಗ ನಿಮ್ಮ ವರ್ಗಕ್ಕೆ ಏನು ನಿಗದಿ ಮಾಡಿದೆ ಎಂಬುದನ್ನು ಬಿಲ್ಲಿನಲ್ಲೇ ನೋಡಿಕೊಳ್ಳಿ, ಇಲ್ಲವೇ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಅಂಥ ದರ ನಿಮಗೆ ಅನ್ವಯಿಸಿದರೆ ಸಂಜೆ ಐದಕ್ಕೆ ಮೊದಲು ಅಂಗಡಿಯನ್ನು ಒಂದು ಡಿಗ್ರಿ ಹೆಚ್ಚು ತಂಪು ಮಾಡಿ, ಆಮೇಲೆ ಸಡಿಲ ಬಿಡುವುದು ಲಾಭವಾದೀತು.

ತಂಪು ಎಂಬುದು ಡಿಗ್ರಿಯೊಂದರ ಮಾತಲ್ಲ ಎನ್ನುವುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ, ಅಹಮದಾಬಾದ್‌ಗಳ ಕಚೇರಿಗಳಲ್ಲಿ ಜನರನ್ನು ಕೇಳಿ ಅಧ್ಯಯನ ಮಾಡಿದರು. ಹೊರಗಿನ ಹವೆ ಬಿಸಿಯಾದಂತೆ ಒಳಗೂ ಸ್ವಲ್ಪ ಹೆಚ್ಚು ಬಿಸಿಯನ್ನು ನಮ್ಮ ಜನ ಹಿತವೆಂದೇ ಒಪ್ಪುತ್ತಾರೆ ಎಂಬುದು ಅದರಿಂದ ತಿಳಿಯಿತು. ಫ್ಯಾನಿನ ಗಾಳಿ ಮೈಗೆ ತಾಗಿದರೆ ಎರಡು ಮೂರು ಡಿಗ್ರಿ ತಂಪಾದ ಅನುಭವ. ಹಳೆಯ ಫ್ಯಾನು 75 ವಾಟ್ ಎಳೆದರೆ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಎಸಿ 26, ಮೇಲೊಂದು ನಿಧಾನದ ಫ್ಯಾನು ಎಂದು ಒಂದು ಅಂತಸ್ತಿನಲ್ಲಿ ಪ್ರಯತ್ನಿಸಿ ನೋಡಿ. ಮಂಗಳೂರು, ಕಾರವಾರದ ಕಡೆ ಓದುಗರು ಮಾತ್ರ ಒಂದು ವಿಷಯ ನೆನಪಿಡಬೇಕು. ಅಲ್ಲಿ ಎಸಿಯ ಅರ್ಧ ಕೆಲಸ ಗಾಳಿಯ ತೇವ ಹಿಂಡುವುದು. ಕಂಪ್ರೆಸರ್ ನಿಂತ ಮೇಲೂ ಒಳಗಿನ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಕಾಯಿಲ್ ಮೇಲೆ ಕೂತ ನೀರು ಮತ್ತೆ ಕೋಣೆಗೇ ಬರುತ್ತದೆ. ಆದ್ದರಿಂದ ಕರಾವಳಿಯಲ್ಲಿ ಬಿಸಿಯೊಂದನ್ನೇ ನೋಡುವ ನಿಯಂತ್ರಕ ಸಾಲದು, ತೇವವನ್ನೂ ನೋಡಬೇಕು. ಔಷಧಿ ಅಂಗಡಿ, ಲ್ಯಾಬ್ ಇಟ್ಟುಕೊಂಡವರಿಗೂ ಒಂದು ಮಾತು: ಇಂತಿಷ್ಟು ಡಿಗ್ರಿ ಮೀರಬಾರದೆಂದು ಬರೆದಿರುವ ಸರಕು ಇರುವ ಕೋಣೆಯನ್ನು ರಾತ್ರಿ ಆರಿಸುವ ಪಟ್ಟಿಯಲ್ಲಿ ಸೇರಿಸಲೇಬೇಡಿ.

ಇನ್ನು ದುಡ್ಡಿನ ಲೆಕ್ಕ. ಒಂದೂವರೆ ಟನ್ನಿನ ಎಸಿ ದಿನದ ಸರಾಸರಿಯಲ್ಲಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಎಂಟು ಎಸಿ, ದಿನಕ್ಕೆ ಹತ್ತು ಗಂಟೆ, ಮೂವತ್ತು ದಿನ ಎಂದರೆ 2,400 ಯೂನಿಟ್. ಸುಲಭಕ್ಕೆ ಯೂನಿಟ್‌ಗೆ 8 ರೂಪಾಯಿ ಹಿಡಿದರೆ 19,200 ರೂಪಾಯಿ. ಅದರಲ್ಲಿ ಶೇ 20 ಉಳಿದರೆ ತಿಂಗಳಿಗೆ 3,840. ನಾಲ್ಕು ತಿಂಗಳು ಕಡು ಬೇಸಿಗೆ, ಉಳಿದ ಎಂಟು ತಿಂಗಳು ಅದರರ್ಧ ಎಂದರೆ ವರ್ಷಕ್ಕೆ ಸುಮಾರು 30 ಸಾವಿರ. ಎರಡೂವರೆ ಲಕ್ಷ ಹಾಕಿದರೆ ಅಸಲು ಹೊರಡಲು ಎಂಟು ವರ್ಷ, ಚಂದಾ ಸೇರಿಸಿದರೆ ಇನ್ನೂ ಮುಂದಕ್ಕೆ. ಅಷ್ಟರಲ್ಲಿ ಎಸಿಗಳನ್ನೇ ಬದಲಿಸುವ ಕಾಲ ಬಂದಿರುತ್ತದೆ. ಇದೇ ಕೆಲಸವನ್ನು ಎಸಿಗೊಂದು ರಿಮೋಟ್ ಪೆಟ್ಟಿಗೆ, ಒಂದು ಸಿಟಿ, ಅಳವಡಿಕೆ ಎಲ್ಲ ಸೇರಿ 4,000 ರೂಪಾಯಿಯೊಳಗೆ ಮಾಡಿಸಿದರೆ ಒಟ್ಟು 32 ಸಾವಿರ, ಹೆಚ್ಚುಕಡಿಮೆ ಒಂದು ವರ್ಷಕ್ಕೆ ಅಸಲು ಕೈಗೆ ಬರುತ್ತದೆ. ನಿಮ್ಮ ದರ, ನಿಮ್ಮ ಗಂಟೆಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮತ್ತೊಮ್ಮೆ ಮಾಡಿ.

ಉಳಿತಾಯ ಆಗಿದೆಯೋ ಇಲ್ಲವೋ ಎಂದು ತಿಳಿಯುವ ಬಗೆಯನ್ನೂ ಹೇಳಿಬಿಡುತ್ತೇನೆ, ಮೋಸ ಹೋಗುವುದು ಇಲ್ಲೇ. ಮೇ ತಿಂಗಳಲ್ಲಿ ಹಾಕಿ ಜುಲೈ ಬಿಲ್ ತೋರಿಸಿ ‘ನೋಡಿ, ಅರ್ಧ ಇಳಿಯಿತು’ ಎನ್ನಬಹುದು. ಇಳಿಸಿದ್ದು ಮಳೆ. ಆದ್ದರಿಂದ ವ್ಯವಸ್ಥೆಯನ್ನು ಒಂದು ವಾರ ಚಾಲೂ ಇಡಿ, ಮುಂದಿನ ವಾರ ಬಿಟ್ಟು ಹಳೆಯ ರೀತಿಯಲ್ಲೇ ನಡೆಸಿ, ಹೀಗೆ ಎಂಟು ವಾರ. ಪ್ರತಿ ರಾತ್ರಿ ಎಸಿಗಳ ಯೂನಿಟ್ ಬರೆದಿಡಿ, ಆ ದಿನದ ಗರಿಷ್ಠ ಉಷ್ಣಾಂಶವನ್ನೂ ಪಕ್ಕದಲ್ಲಿ ಬರೆಯಿರಿ. ಹಬ್ಬದ ವಾರವನ್ನು ಲೆಕ್ಕದಿಂದ ಬಿಡಿ. ಎರಡು ಗುಂಪಿನ ಸರಾಸರಿ ನೋಡಿದರೆ ಸತ್ಯ ಕಾಣುತ್ತದೆ. ಈ ಪರೀಕ್ಷೆಗೆ ಒಪ್ಪದ ಕಂಪನಿಯ ಜೊತೆ ವ್ಯವಹಾರ ಬೇಡ.

ಕರಾರಿನಲ್ಲಿ ಇನ್ನೆರಡು ವಿಷಯ ನೋಡಿ. ಇಂಟರ್ನೆಟ್ ಇಲ್ಲದಾಗಲೂ ಪೆಟ್ಟಿಗೆ ತನ್ನ ವೇಳಾಪಟ್ಟಿಯಂತೆ ನಡೆಯುತ್ತದೆಯೇ? ಕಂಪನಿ ಮುಚ್ಚಿದರೆ ಏನು ಗತಿ? 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರ್‌ಗಳು ಸೂಚನೆಯಿಲ್ಲದೆ ನಿಂತವು, ಅದರ ಉಪಕರಣ ಕೊಂಡವರಿಗೆ ಫೋನಿನಿಂದ ನಡೆಸಲು ಆಗದೇ ಹೋಯಿತು. ಸೆಟ್ಟಿಂಗ್‌ಗಳ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು, ಯೂನಿಟ್‌ಗಳ ದಾಖಲೆ ನಿಮಗೆ ಸಿಗುವಂತಿರಬೇಕು. ಇನ್ನೊಂದು, ಈ ಪೆಟ್ಟಿಗೆಗಳನ್ನು ಬಿಲ್ಲಿಂಗ್ ಕಂಪ್ಯೂಟರ್ ಇರುವ ವೈಫೈಗೆ ಸೇರಿಸಬೇಡಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು ನಾಲ್ಕು ಕೋಟಿ ಗಿರಾಕಿಗಳ ಕಾರ್ಡಿನ ವಿವರ ಕದ್ದವರು ಒಳಗೆ ನುಗ್ಗಿದ್ದು ಎಸಿ, ಫ್ರಿಜ್ ಕೆಲಸದ ಗುತ್ತಿಗೆದಾರರೊಬ್ಬರ ಲಾಗಿನ್ ಬಳಸಿ. ರೂಟರ್‌ನಲ್ಲಿ ಅತಿಥಿಗಳಿಗೆಂದು ಬೇರೆ ಜಾಲ ಮಾಡುವ ಸೌಲಭ್ಯ ಇರುತ್ತದೆ, ಅದಕ್ಕೆ ಸೇರಿಸಿದರೆ ಆಯಿತು.

ಮಡಿಕೇರಿಯ ಲಾಡ್ಜಿನದು ಬೇರೆಯೇ ಲೆಕ್ಕ, ಆದರೆ ಅಲ್ಲಿ ಗಡಿಯಾರದ ಲಾಭ ನಿಮ್ಮಲ್ಲಿಗಿಂತ ಹೆಚ್ಚು ಎಂದರೂ ತಪ್ಪಿಲ್ಲ. ಸಾವಿರ ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 29 ಯೂನಿಟ್ ಬೇಕು. ಭಾವನವರ ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದು, ಅದರ ಟ್ಯಾಂಕಿನೊಳಗೆ ಕರೆಂಟಿನ ಹೀಟರ್ ಕೂಡ ಇದ್ದರೆ, ಆ ಹೀಟರಿನ ಸ್ವಿಚ್ ಸದಾ ಚಾಲೂ ಇದೆಯೇ ಎಂದು ಮೊದಲು ಕೇಳಿ. ಹಾಗಿದ್ದರೆ ಆಗುತ್ತಿರುವುದು ಇದು: ಬೆಳಿಗ್ಗೆ ಅತಿಥಿಗಳು ಸ್ನಾನ ಮುಗಿಸುತ್ತಾರೆ, ಟ್ಯಾಂಕಿಗೆ ತಣ್ಣೀರು ತುಂಬುತ್ತದೆ, ಥರ್ಮೋಸ್ಟ್ಯಾಟ್ ತಕ್ಷಣ ಹೀಟರ್ ಹಾಕುತ್ತದೆ. ಹತ್ತೂವರೆಗೆ ಬಿಸಿಲು ಏರುವ ಹೊತ್ತಿಗೆ ನೀರು ಆಗಲೇ ಕಾದಿರುತ್ತದೆ. ಸೂರ್ಯನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆಯವರೆಗೆ ಹೀಟರ್ ಶುರುವಾಗದಂತೆ ಒಂದು ಟೈಮರ್ ಹಾಕಿಸಿ. ಹೀಟರಿನ ಆಂಪಿಯರ್‌ಗೆ ತಕ್ಕ ಕಾಂಟ್ಯಾಕ್ಟರ್ ಜೊತೆಗಿರಲಿ, ಅರ್ಹ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಸಂಜೆ ಟ್ಯಾಂಕಿನ ಉಷ್ಣಾಂಶ ನೋಡಿ, ಸಾಲದಿದ್ದಷ್ಟೇ ಕಾಯಿಸುವ ನಿಯಂತ್ರಕ ಇದ್ದರೆ ಇನ್ನೂ ಒಳ್ಳೆಯದು. ಬಿಸಿನೀರು ಕೊಳವೆಯಲ್ಲಿ ಸುತ್ತುತ್ತಿರಲು ಪಂಪ್ ಇದ್ದರೆ ಅದೂ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ನಿಲ್ಲಲಿ, ಇಲ್ಲವಾದರೆ ರಾತ್ರಿಯಿಡೀ ಕೊಳವೆ ಮಡಿಕೇರಿಯ ಚಳಿಯನ್ನೇ ಕಾಯಿಸುತ್ತಿರುತ್ತದೆ.

ಉಳಿತಾಯದ ಹುರುಪಿನಲ್ಲಿ ಟ್ಯಾಂಕಿನ ನೀರನ್ನು ಸದಾ 40–45 ಡಿಗ್ರಿಯಲ್ಲೇ ಇಡಬಾರದು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ಉಗುರುಬೆಚ್ಚಗಿನ ನೀರಿನಲ್ಲೇ. ಶವರಿನ ತುಂತುರಿನ ಮೂಲಕ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರುತ್ತದೆ. ಟ್ಯಾಂಕಿನಲ್ಲಿ 60 ಡಿಗ್ರಿ ಮುಟ್ಟುವಂತಿರಲಿ, ನಲ್ಲಿಯಲ್ಲಿ ತಣ್ಣೀರು ಬೆರೆಯಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಸೋಲಾರನ್ನು ನಂಬುವಂತಿಲ್ಲ. ಆ ತಿಂಗಳುಗಳ ಬಿಲ್ ನಿಜಕ್ಕೂ ಹೊರೆಯಾಗಿದ್ದರೆ ಹೀಟ್ ಪಂಪ್ ವಾಟರ್ ಹೀಟರ್ ವಿಚಾರಿಸಬಹುದು. ಅದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಎತ್ತಿ ಹಾಕುವುದರಿಂದ ಅದೇ ಬಿಸಿನೀರಿಗೆ ಸಾಮಾನ್ಯ ಹೀಟರಿನ ಮೂರನೇ ಒಂದು ಭಾಗದಷ್ಟೇ ಕರೆಂಟ್ ತೆಗೆದುಕೊಳ್ಳುತ್ತದೆ.

ದಾವಣಗೆರೆಗೆ ಮರಳಿದರೆ, ಯಾವ ಪೆಟ್ಟಿಗೆಯನ್ನೂ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳಿವೆ. ಬಟ್ಟೆ ಅಂಗಡಿಯ ಗಾಳಿಯಲ್ಲಿ ನೂಲಿನ ಎಳೆ ಬಹಳ, ಎಸಿಯ ಫಿಲ್ಟರ್ ಎರಡು ವಾರಕ್ಕೇ ಕಂಬಳಿಯಂತಾಗುತ್ತದೆ, ತೊಳೆಯಿಸಿ. ಎಂಟು ಔಟ್‌ಡೋರ್ ಯೂನಿಟ್‌ಗಳನ್ನು ಹಿಂದಿನ ಇಕ್ಕಟ್ಟಿನ ಸಂದಿಯಲ್ಲಿ ಒಂದರ ಮೇಲೊಂದು ಜೋಡಿಸಿದ್ದರೆ, ಕೆಳಗಿನದರ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತಿರುತ್ತದೆ, ಅವುಗಳ ನಡುವೆ ಜಾಗ ಮಾಡಿಸಿ. ಮೇಲಿನ ಅಂತಸ್ತಿನ ಆರ್‌ಸಿಸಿ ಮಾಳಿಗೆಗೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿಸಿ. ಬಾಗಿಲು ತಾನಾಗಿ ಮುಚ್ಚುವಂತೆ ಡೋರ್ ಕ್ಲೋಸರ್ ಹಾಕಿಸಿ. ತೆರೆದ ಬಾಗಿಲಿನ ಅಂಗಡಿಗೆ ಎಷ್ಟೇ ಜಾಣ ನಿಯಂತ್ರಕ ಬಂದರೂ ಉಪಯೋಗ ಅಷ್ಟಕ್ಕಷ್ಟೇ.

ಎರಡೂವರೆ ಲಕ್ಷದ ಕರಾರಿಗೆ ಸಹಿ ಹಾಕಬೇಡಿ. ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ ಎಸಿಗಳ ಲೈನಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ, ಎಲ್ಲ ರಿಮೋಟ್‌ಗಳನ್ನು 24ಕ್ಕೆ ತನ್ನಿ, ದಿನದ ರೀಡಿಂಗ್ ಬರೆಯಲು ಶುರುಮಾಡಿ. ಮೊದಲು ಒಂದು ಅಂತಸ್ತಿಗಷ್ಟೇ ನಿಯಂತ್ರಕ ಹಾಕಿಸಿ ನೋಡಿ. ಎಂಟು ವಾರದ ರೀಡಿಂಗ್ ಪಟ್ಟಿಯನ್ನು, ಬೇಕಿದ್ದರೆ ಬಿಲ್ಲಿನ ಪ್ರತಿಯ ಜೊತೆ, ನನಗೆ ಕಳಿಸಿ. ಉಳಿದ ಎರಡು ಅಂತಸ್ತಿಗೂ ಹಾಕಿಸುವುದು ಲಾಭವೋ ಅಲ್ಲವೋ ಎಂದು ಲೆಕ್ಕ ನೋಡಿ ಹೇಳುತ್ತೇನೆ.